ಗುಜರಿಯಿಂದ ತಂದ ಟಾರ್ಷನ್ ಬಾರ್ ಹಾಟ್ ರಾಡ್‌ಗೆ ಆಗುತ್ತದೆಯೇ?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಕಟಪಾಡಿಯ ಮನೆಯ ಶೆಡ್‌ನಲ್ಲಿ ಒಂದು ಹಾಟ್ ರಾಡ್ (ಹಳೆಯ ಕಾರಿನ ಅಂದದಲ್ಲಿ ನಮಗೆ ಬೇಕಾದಂತೆ ಮಾರ್ಪಡಿಸಿದ ಗಾಡಿ) ಕಟ್ಟುತ್ತಿದ್ದೇವೆ. 100×50×3 ಮಿ.ಮೀ. ಬಾಕ್ಸ್ ಪೈಪಿನ ಏಣಿಯಂಥ ಚಾಸಿ ತಯಾರಾಗಿದೆ. ಎದುರಿಗೆ ಐ-ಬೀಮ್ ಆಕ್ಸಲ್, ಹಿಂದೆ ಅಂಬಾಸಿಡರ್ ಆಕ್ಸಲ್ ಮತ್ತು ಅದರದೇ ಲೀಫ್ ಸ್ಪ್ರಿಂಗ್, 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್. ಒಟ್ಟು ತೂಕ 900 ಕೆ.ಜಿ. ಆಗಬಹುದು. ಎದುರಿನ ಸ್ಪ್ರಿಂಗ್ ಹೊರಗೆ ಕಾಣಬಾರದು ಎಂದು ಟಾರ್ಷನ್ ಬಾರ್ (ತಿರುಚಿದಾಗ ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಉಕ್ಕಿನ ಸರಳು) ಹಾಕುವ ಯೋಚನೆ. ಗುಜರಿಯಲ್ಲಿ ಹಳೆಯ ಎಸ್‌ಯುವಿ ಒಂದರ ಜೋಡಿ ಬಾರ್ ಸಿಕ್ಕಿದೆ: ನಡುವೆ 22 ಮಿ.ಮೀ. ದಪ್ಪ, ತುದಿಗಳ ದಪ್ಪ ಭಾಗ ಬಿಟ್ಟು 1,000 ಮಿ.ಮೀ. ಉದ್ದ. ಇದು ಸಾಕಾಗುತ್ತದೆಯೇ? ಮೆತ್ತಗಾದರೆ ಅಡ್ಜಸ್ಟರ್ ಬೋಲ್ಟ್ ಬಿಗಿದು ಗಟ್ಟಿ ಮಾಡಿಕೊಳ್ಳಬಹುದಲ್ಲವೇ? ಸ್ಪ್ಲೈನ್ (ಬಾರ್ ತುದಿಯ ಹಲ್ಲುಗಳಿಗೆ ಹೊಂದುವ ಹಲ್ಲು) ಕೊರೆಯುವ ಸೌಕರ್ಯ ನಮ್ಮಲ್ಲಿಲ್ಲ, ಆರ್ಮ್ (ಆಕ್ಸಲ್‌ನ ಭಾರವನ್ನು ಬಾರ್‌ಗೆ ದಾಟಿಸುವ ತೋಳು) ಅನ್ನು ಬಾರ್‌ಗೆ ನೇರ ವೆಲ್ಡ್ ಮಾಡಿದರೆ ಆಗದೇ? ಬಾರ್‌ಗೆ ಕ್ರೋಮ್ ಹೊಡೆಸಬೇಕು ಎಂದು ತಮ್ಮನ ಆಸೆ.

ಉತ್ತರ: ಬಾರ್ ಸಾಕು. ಬೋಲ್ಟ್ ಬಿಗಿದರೆ ಗಟ್ಟಿಯಾಗುವುದಿಲ್ಲ. ವೆಲ್ಡ್ ಬೇಡವೇ ಬೇಡ, ಕ್ರೋಮ್ ಅದಕ್ಕಿಂತಲೂ ಬೇಡ. ನೀವು ಕೇಳದೆ ಬಿಟ್ಟ ಎರಡು ಪ್ರಶ್ನೆಗಳೇ ದೊಡ್ಡವು: ಬಾರ್‌ನ ಹಿಂದಿನ ತುದಿಯನ್ನು ಏನು ಹಿಡಿದಿರುತ್ತದೆ (ಅದೇ ಆಂಕರ್), ಮತ್ತು ಬಾರ್‌ನ ಮೈ ಯಾವ ಸ್ಥಿತಿಯಲ್ಲಿದೆ. ಮನೆಯಲ್ಲಿ ಕಟ್ಟಿದ ಗಾಡಿಗಳಲ್ಲಿ ಟಾರ್ಷನ್ ಬಾರ್ ಕೈಕೊಡುವುದು ಹೆಚ್ಚಾಗಿ ಈ ಎರಡು ಕಡೆಗಳಲ್ಲಿ. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಂತೂ ಎರಡನೆಯದನ್ನೇ ಮೊದಲು ನೋಡಬೇಕು.

ಅಂದಹಾಗೆ ಈ ಏರ್ಪಾಡು ನಿಮ್ಮ ಹಿಂದಿನ ಆಕ್ಸಲ್ ಬಂದ ಗಾಡಿಯಲ್ಲೇ ಇತ್ತು. ಹಳೆಯ ಅಂಬಾಸಿಡರ್‌ನ ಎದುರಿನ ಚಕ್ರಗಳು ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಉದ್ದುದ್ದ ಟಾರ್ಷನ್ ಬಾರ್‌ಗಳ ಮೇಲೆಯೇ ನಿಂತಿದ್ದವು. ಅಮೆರಿಕದ ಹಾಟ್ ರಾಡ್‌ಗಳಲ್ಲಿ ಹೆಚ್ಚು ಕಾಣುವುದು ಫೋರ್ಡ್ 1948ರವರೆಗೂ ಬಿಡದೆ ಬಳಸಿದ ಅಡ್ಡ ಲೀಫ್ ಸ್ಪ್ರಿಂಗ್. ಅಲ್ಲಿನ ಸ್ಪ್ರಿಂಟ್ ಕಾರು ಎಂಬ ರೇಸ್ ಗಾಡಿಗಳಲ್ಲಿ ಮಾತ್ರ ಬೀಮ್ ಆಕ್ಸಲ್ ಜೊತೆ ಟಾರ್ಷನ್ ಬಾರ್ ಮಾಮೂಲು. ಅಂದರೆ ನಿಮ್ಮ ಯೋಚನೆಯಲ್ಲಿ ವಿಚಿತ್ರವಾದದ್ದು ಏನೂ ಇಲ್ಲ.

ಮೊದಲು ಲೆಕ್ಕ. ಬಾರ್‌ನ ತಿರುಚು ಗಡಸು ಕಂಡುಹಿಡಿಯಲು ಮಿ.ಮೀ.ನಲ್ಲಿ ವ್ಯಾಸವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ (22×22×22×22), ಅದನ್ನು 7,756ರಿಂದ ಗುಣಿಸಿ, ಕೆಲಸ ಮಾಡುವ ಉದ್ದದಿಂದ ಭಾಗಿಸಿ. ಸ್ಪ್ರಿಂಗ್ ಉಕ್ಕಿನ ಗುಣ ಆ 7,756ರೊಳಗೇ ಸೇರಿದೆ. ನಿಮ್ಮ ಬಾರ್‌ಗೆ ಇದು ರೇಡಿಯನ್‌ಗೆ ಸುಮಾರು 18,17,000 ನ್ಯೂಟನ್-ಮಿ.ಮೀ. ಬರುತ್ತದೆ. ಇದನ್ನು ಆರ್ಮ್ ಉದ್ದದ ವರ್ಗದಿಂದ ಭಾಗಿಸಿದರೆ ಆರ್ಮ್‌ನ ತುದಿಯಲ್ಲಿ ಸಿಗುವ ಸ್ಪ್ರಿಂಗ್ ಗಡಸು. 330 ಮಿ.ಮೀ. ಆರ್ಮ್ ಇಟ್ಟರೆ ಮಿಲಿಮೀಟರಿಗೆ 16.7 ನ್ಯೂಟನ್, ಅಂದರೆ ಹತ್ತಿರ ಹತ್ತಿರ 1.7 ಕೆ.ಜಿ.

ಇಷ್ಟು ಸಾಕೇ? 900 ಕೆ.ಜಿ.ಯಲ್ಲಿ ಶೇ. 47 ಎದುರಿಗೆ ಬಂದರೆ 423. ಅದರಲ್ಲಿ ಆಕ್ಸಲ್, ಹಬ್, ಬ್ರೇಕ್, ಚಕ್ರ ಸೇರಿ 70 ಕೆ.ಜಿ. ಸ್ಪ್ರಿಂಗ್‌ನ ಮೇಲೆ ಬರುವುದಿಲ್ಲ. ಉಳಿದದ್ದು ಬದಿಗೆ 176 ಕೆ.ಜಿ., ಸುಮಾರು 1,730 ನ್ಯೂಟನ್. ಈ ಭಾರಕ್ಕೆ 16.7ರ ಸ್ಪ್ರಿಂಗ್ 104 ಮಿ.ಮೀ. ಕುಸಿದು ನಿಲ್ಲುತ್ತದೆ, ಗಾಡಿ ಸೆಕೆಂಡಿಗೆ 1.55 ಸಲದ ಲಯದಲ್ಲಿ ಮೇಲೆ ಕೆಳಗೆ ಆಡುತ್ತದೆ. ಹಗುರ ಹಾಟ್ ರಾಡ್‌ನ ಎದುರಿಗೆ 1.4ರಿಂದ 1.7ರೊಳಗೆ ಇರುವುದು ಒಳ್ಳೆಯದು. 2 ದಾಟಿದರೆ ಸಣ್ಣ ಹಂಪಿಗೂ ಚಕ್ರ ನೆಲ ಬಿಡುತ್ತದೆ. ಅದೇ ಬಾರ್‌ಗೆ 300 ಮಿ.ಮೀ. ಆರ್ಮ್ ಹಾಕಿದರೆ 1.7, 360 ಹಾಕಿದರೆ 1.4. ಹೀಗೆ ನಿಮ್ಮ ಕೈಯಲ್ಲಿರುವ ನಿಜವಾದ ಹೊಂದಾಣಿಕೆ ಆರ್ಮ್‌ನ ಉದ್ದ.

ವ್ಯಾಸವನ್ನು ಟೇಪಿನಲ್ಲಿ ಅಳೆದಿದ್ದರೆ ಇನ್ನೊಮ್ಮೆ ಅಳೆಯಿರಿ. ವರ್ನಿಯರ್ ತೆಗೆದುಕೊಂಡು ಮೂರು ಜಾಗದಲ್ಲಿ, ಪ್ರತಿ ಜಾಗದಲ್ಲಿ ಅಡ್ಡಕ್ಕೂ ನೆಟ್ಟಗೂ ನೋಡಿ, ಬಣ್ಣ ಕೆರೆದ ಮೇಲೆ. ನಾಲ್ಕು ಸಲ ಗುಣಿಸುವ ಲೆಕ್ಕವಾದ್ದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. 22ರ ಬದಲು 23 ಇದ್ದರೆ ಗಡಸು ಶೇ. 19 ಏರುತ್ತದೆ. ತೂಕವನ್ನೂ ಅಂದಾಜಿನಲ್ಲಿ ಬಿಡಬೇಡಿ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಬಾಡಿ ಕೂರಿಸಿದ ಮೇಲೆ ಚಾಸಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ವೇ ಬ್ರಿಡ್ಜಿನಲ್ಲಿ ಎದುರಿನ ಆಕ್ಸಲ್ ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ ತೂಗಿಸಿ. ಕಡೆಗೆ ಬದಿಗೆ 200 ಕೆ.ಜಿ. ಬಂದರೂ ಭಯವಿಲ್ಲ. ಗಾಡಿ 14 ಮಿ.ಮೀ. ಕೆಳಗೆ ಕೂರುತ್ತದೆ, ಲಯ 1.45ಕ್ಕೆ ಇಳಿಯುತ್ತದೆ, ಅಷ್ಟೆ.

ಬಾರ್ ತಾಳುತ್ತದೆಯೇ ಎಂಬುದು ಬೇರೆ ಲೆಕ್ಕ. ನಿಂತಲ್ಲಿ ಬಾರ್ ಮೇಲಿನ ತಿರುಚು 571 ನ್ಯೂಟನ್-ಮೀಟರ್. ಅದಕ್ಕೆ ಬಾರ್ 18 ಡಿಗ್ರಿ ತಿರುಗುತ್ತದೆ, ಮೈಮೇಲಿನ ಒತ್ತಡ ಚದರ ಮಿ.ಮೀ.ಗೆ 273 ನ್ಯೂಟನ್. ಚಕ್ರ ಇನ್ನೂ 75 ಮಿ.ಮೀ. ಮೇಲೆದ್ದರೆ ತಿರುಚು 984 ನ್ಯೂಟನ್-ಮೀಟರ್, ತಿರುಗುವುದು 31 ಡಿಗ್ರಿ, ಒತ್ತಡ 470. ಕಾರ್ಖಾನೆಯಲ್ಲಿ ಹದ ಮಾಡಿದ ಸ್ಪ್ರಿಂಗ್ ಉಕ್ಕಿಗೆ ಇದು ಆರಾಮದ ಕೆಲಸ, ಆದರೆ ಮೈ ನುಣುಪಾಗಿದ್ದರೆ ಮಾತ್ರ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಅಡ್ಜಸ್ಟರ್ ಬೋಲ್ಟ್. ಎಷ್ಟೋ ಗ್ಯಾರೇಜುಗಳಲ್ಲಿ ಕೂಡ ‘ಎರಡು ಸುತ್ತು ಕೊಡಿ, ಗಟ್ಟಿಯಾಗ್ತದೆ ಮಾರಾಯ್ರೇ’ ಎಂದು ಹೇಳುವುದುಂಟು. ಮೇಲಿನ ಲೆಕ್ಕದಲ್ಲಿ ಬೋಲ್ಟ್ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಿ. ದಪ್ಪ, ಉದ್ದ, ಆರ್ಮ್, ಉಕ್ಕು: ಈ ನಾಲ್ಕು ಬದಲಾಗದೆ ಗಡಸು ಬದಲಾಗದು. ಬೋಲ್ಟ್ ಮಾಡುವುದು ಬಾರ್‌ನ ಹಿಂದಿನ ತುದಿಯನ್ನು ತಿರುಗಿಸಿ ಆರ್ಮ್‌ನ ಕೋನ ಬದಲಿಸುವುದು, ಅಂದರೆ ಗಾಡಿಯ ಎತ್ತರ ಬದಲಿಸುವುದು. ಬಿಗಿದಾಗ ಗಟ್ಟಿಯಾದಂತೆ ಅನಿಸುವುದಕ್ಕೆ ಕಾರಣವಿದೆ: ಗಾಡಿ ಮೇಲೇರಿದಾಗ ಕೆಳಗಿನ ಚಲನೆ ಕಡಿಮೆಯಾಗುತ್ತದೆ, ಚಕ್ರ ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದು ಟಕ್ ಎನ್ನುತ್ತದೆ. ಅದು ಗಡಸಲ್ಲ, ತುದಿ ಮುಟ್ಟಿದ ಹೊಡೆತ. ನಿಮ್ಮ ಅಡ್ಜಸ್ಟರ್ ಲಿವರ್ 80 ಮಿ.ಮೀ. ಇದ್ದು ಬೋಲ್ಟ್ 1.5 ಪಿಚ್‌ನದಾದರೆ ಒಂದು ಸುತ್ತಿಗೆ ಆರ್ಮ್ ತುದಿ 6 ಮಿ.ಮೀ. ಚಲಿಸುತ್ತದೆ. ಎರಡು ಬದಿ ಸಮ ಮಾಡಿಕೊಳ್ಳಲು ಅದು ಬೇಕು, ಬೇರೆ ಯಾವುದಕ್ಕೂ ಅಲ್ಲ.

ಬಾರ್ ಅನ್ನು ಎಲ್ಲಿ ಮಲಗಿಸಬೇಕು? ಸ್ಪ್ರಿಂಟ್ ಕಾರಿನಂತೆ ಅಡ್ಡ ಹಾಕುವುದು ಚೆಂದ, ಆದರೆ ಮೀಟರಿಗಿಂತ ಉದ್ದದ ಬಾರ್ ಹಾಟ್ ರಾಡ್‌ನ ಕಿರಿದಾದ ಮೂತಿಯಲ್ಲಿ ಅಡ್ಡಕ್ಕೆ ಹಿಡಿಯುವುದಿಲ್ಲ, ತಿರುಗುವ ಟಯರಿಗೆ ತಾಗುತ್ತದೆ. ಉದ್ದಕ್ಕೇ ಹಾಕಿ. ಆರ್ಮ್‌ನ ತಿರುಗುವ ಅಕ್ಷ ಗಾಡಿಯ ನಡುಗೆರೆಯಿಂದ 200 ಮಿ.ಮೀ. ದೂರದಲ್ಲಿ, ಆರ್ಮ್ ಹೊರಕ್ಕೆ ಚಾಚಿ ತುದಿ 530 ಮಿ.ಮೀ.ನಲ್ಲಿ. ಎರಡು ಬಾರ್‌ಗಳ ನಡುವೆ 400 ಮಿ.ಮೀ. ಸಿಗುತ್ತದೆ, ಎಂಜಿನ್ ಸಂಪ್ ಮತ್ತು ಬೆಲ್ ಹೌಸಿಂಗ್ ಅಳೆದು, ಎಂಜಿನ್ ಅಲುಗುವಾಗಲೂ 20 ಮಿ.ಮೀ. ಸಂದು ಉಳಿಯುತ್ತದೆಯೇ ನೋಡಿ. ಸೈಲೆನ್ಸರ್ ಪೈಪ್ ಬಾರ್ ಹತ್ತಿರ ಹಾಯದಂತೆ ಈಗಲೇ ದಾರಿ ಯೋಚಿಸಿ.

ಆರ್ಮ್ ತುದಿಯನ್ನು ಆಕ್ಸಲ್‌ಗೆ ನೇರ ಬೋಲ್ಟ್ ಮಾಡಬಾರದು. ತುದಿ ವೃತ್ತದಲ್ಲಿ ಚಲಿಸುತ್ತದೆ, 75 ಮಿ.ಮೀ. ಏರಿದಾಗ ಒಳಕ್ಕೆ ಸುಮಾರು 9 ಮಿ.ಮೀ. ಸರಿಯುತ್ತದೆ. ಆಕ್ಸಲ್ ಅದರ ಜೊತೆ ಸರಿಯಲಾರದು. ಎರಡೂ ತುದಿಯಲ್ಲಿ ರಾಡ್ ಎಂಡ್ (ಎತ್ತ ಬೇಕಾದರೂ ಓರೆಯಾಗುವ ಗುಂಡು ಕೀಲು) ಇರುವ, ಕನಿಷ್ಠ 120 ಮಿ.ಮೀ. ಉದ್ದದ ಲಿಂಕ್ ಮೂಲಕ ಜೋಡಿಸಿ. ಆಕ್ಸಲ್ ಅನ್ನು ಜಾಗದಲ್ಲಿ ಹಿಡಿಯುವ ಕೆಲಸ, ಬ್ರೇಕಿನ ಎಳೆತ ತಾಳುವ ಕೆಲಸ ಆರ್ಮ್‌ನದಲ್ಲ. ಅದಕ್ಕೆ ಬದಿಗೆ ಎರಡರಂತೆ ನಾಲ್ಕು ರೇಡಿಯಸ್ ರಾಡ್, ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್ ಬೇಕೇ ಬೇಕು. ಇನ್ನೊಂದು ಮಾತು: ಲಿಂಕ್‌ಗಳು 530ರಲ್ಲಿ, ಚಕ್ರ 700 ಮಿ.ಮೀ.ನಲ್ಲಿ ಇದ್ದರೆ ತಿರುವಿನಲ್ಲಿ ಗಾಡಿ ವಾಲುವಾಗ ಸ್ಪ್ರಿಂಗ್‌ನ ಹಿಡಿತ ಶೇ. 57ಕ್ಕೆ ಇಳಿಯುತ್ತದೆ. ಬೀಮ್ ಆಕ್ಸಲ್‌ನ ಸ್ವಭಾವವೇ ಅದು. ವಾಲುವುದು ಜಾಸ್ತಿ ಅನಿಸಿದರೆ ದಪ್ಪ ಬಾರ್ ಹುಡುಕಬೇಡಿ, ಆಂಟಿ-ರೋಲ್ ಬಾರ್ ಒಂದನ್ನು ಸೇರಿಸಿ.

ಅಂಬಾಸಿಡರ್‌ನ ಸ್ಟಿಯರಿಂಗ್ ಕೂಡ ಇಟ್ಟುಕೊಂಡಿದ್ದರೆ ಅದನ್ನು ಬದಿಗಿಡಿ. ಅದು ರ‍್ಯಾಕ್ ಮಾದರಿ. ಚಾಸಿಗೆ ಕಟ್ಟಿದ ರ‍್ಯಾಕ್‌ಗೂ ಮೇಲೆ ಕೆಳಗೆ ಆಡುವ ಬೀಮ್ ಆಕ್ಸಲ್‌ಗೂ ಹೊಂದಿಕೆಯಿಲ್ಲ, ಪ್ರತಿ ಹಂಪಿಗೂ ಚಕ್ರ ತಾನಾಗಿ ತಿರುಗುತ್ತದೆ. ಜೀಪಿನಂಥ ಸ್ಟಿಯರಿಂಗ್ ಬಾಕ್ಸ್ ಮತ್ತು ಡ್ರ್ಯಾಗ್ ಲಿಂಕ್ ಬೇಕು.

ಎಡ-ಬಲದ ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಗುಜರಿಯವರಿಗಂತೂ ಇಲ್ಲ. ಬಾರ್‌ನ ತುದಿಯಲ್ಲಿ ಎಡ-ಬಲದ ಅಕ್ಷರ ಇಲ್ಲವೇ ಬಾಣದ ಗುರುತು ಇರುತ್ತದೆ. ತಯಾರಿಸುವಾಗ ಬಾರ್ ಅನ್ನು ಅದು ಕೆಲಸ ಮಾಡುವ ದಿಕ್ಕಿಗೆ ಅದರ ಮಿತಿ ಮೀರಿ ಒಮ್ಮೆ ತಿರುಚಿ ಬಿಡುತ್ತಾರೆ. ಇದರಿಂದ ಮೈಯೊಳಗೆ ವಿರುದ್ಧ ಒತ್ತಡ ಉಳಿದು, ಆ ದಿಕ್ಕಿನಲ್ಲಿ ಬಾರ್ ಹೆಚ್ಚು ಭಾರ ತಾಳುತ್ತದೆ. ಉಲ್ಟಾ ದಿಕ್ಕಿಗೆ ತಿರುಚಿದರೆ ಅದೇ ಒತ್ತಡ ಶತ್ರುವಾಗುತ್ತದೆ. ಮೊದಲು ಗಾಡಿ ಕುಸಿಯುತ್ತದೆ, ಆಮೇಲೆ ಬಾರ್ ಒಡೆಯುತ್ತದೆ.

ದಿಕ್ಕು ಗುರುತಿಸುವ ಸರಳ ವಿಧಾನ ಇದು. ಆರ್ಮ್ ಇರುವ ತುದಿಯ ಕಡೆಯಿಂದ ಆಂಕರ್ ಕಡೆಗೆ ನೋಡಿ. ಚಕ್ರ ಮೇಲೇರುವಾಗ ಆರ್ಮ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆಯೋ, ಎದುರು ದಿಕ್ಕಿಗೋ? ಎಸ್‌ಯುವಿಯಲ್ಲಿ ಎದುರಿಗೆ ಆರ್ಮ್, ಹಿಂದೆ ಆಂಕರ್ ಇರುವಾಗ ಎಡಬದಿಯ ಬಾರ್ ಮುಳ್ಳಿಗೆ ಎದುರಾಗಿ, ಬಲಬದಿಯದು ಮುಳ್ಳಿನಂತೆ ತಿರುಗುತ್ತದೆ. ನಿಮ್ಮದೂ ಅದೇ ಜೋಡಣೆ, ಆದ್ದರಿಂದ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಜಾಗ ಸಾಲದೆ ಆಂಕರ್ ಅನ್ನು ಎದುರಿಗೆ, ಆರ್ಮ್ ಅನ್ನು ಹಿಂದೆ ಇಟ್ಟರೆ ಬಾರ್‌ಗಳನ್ನು ಬದಲಾಯಿಸಬೇಕಾಗುತ್ತದೆ. ಬಾರ್‌ನ ಹಿಂದು ಮುಂದು ತಿರುಗಿಸಿ ಹಾಕಿದರೆ ದಿಕ್ಕು ಬದಲಾಗುವುದಿಲ್ಲ; ಬದಿ ಬದಲಿಸಿದರೆ ಮಾತ್ರ ಬದಲಾಗುತ್ತದೆ. ಗುರುತು ಅಳಿಸಿಹೋದ ಬಾರ್ ಕೊಳ್ಳಲೇಬೇಡಿ.

ಆರ್ಮ್ ಮತ್ತು ವೆಲ್ಡಿಂಗ್. ಬಾರ್ ಕಾಸಿ, ಎಣ್ಣೆಯಲ್ಲಿ ತಣಿಸಿ, ಹದ ಮಾಡಿದ ಹೆಚ್ಚು ಇಂಗಾಲದ ಉಕ್ಕು. ವೆಲ್ಡ್‌ನ ಬಿಸಿ ತಾಗಿದಲ್ಲಿ ಗಾಜಿನಂತೆ ಗಡುಸಾದ ಒಂದು ಪಟ್ಟಿ, ಅದರ ಪಕ್ಕದಲ್ಲಿ ಮೆತ್ತಗಾದ ಇನ್ನೊಂದು ಪಟ್ಟಿ ಉಂಟಾಗುತ್ತದೆ. ಬಿರುಕು ಹುಟ್ಟುವುದು ಅವೆರಡರ ಗಡಿಯಲ್ಲಿ. ಬಾರ್ ಕೆಡಲು ಪೂರ್ತಿ ವೆಲ್ಡ್ ಬೇಕಿಲ್ಲ, ಒಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಸಾಕು, ಎಲೆಕ್ಟ್ರೋಡ್ ಜಾರಿ ಕಿಡಿ ತಾಗಿದರೂ ಸಾಕು. ಚಾಸಿ ವೆಲ್ಡ್ ಮಾಡುವಾಗ ಬಾರ್ ಜಾಗದಲ್ಲಿರಬಾರದು. ಜಿಗ್‌ಗಾಗಿ (ಅಳತೆ ಕೆಡದಂತೆ ಹಿಡಿಯಲು) ಏನಾದರೂ ಇರಲೇಬೇಕಾದರೆ ಅದೇ ಉದ್ದದ ಮಾಮೂಲಿ ಸರಳು ಇಡಿ. ಬಾರ್ ಅನ್ನು ವೈಸ್‌ನಲ್ಲಿ ಹಲ್ಲು ಕಚ್ಚುವಂತೆ ಹಿಡಿಯುವುದು, ಪೈಪ್ ರೆಂಚ್ ಹಾಕುವುದು, ಪಂಚ್‌ನಲ್ಲಿ ಗುರುತು ಹೊಡೆಯುವುದು ಇವೂ ಅದೇ ಜಾತಿಯ ತಪ್ಪುಗಳು. ಗುರುತಿಗೆ ಬಣ್ಣ ಬಳಸಿ.

ಸ್ಪ್ಲೈನ್ ಕೊರೆಯಲು ನಿಮಗೆ ಬೇಕಾದದ್ದು ವೈರ್ ಕಟ್ ಯಂತ್ರ, ಅಂದರೆ ವಿದ್ಯುತ್ ಹಾಯುವ ತಂತಿಯಿಂದ ಉಕ್ಕು ಕತ್ತರಿಸುವ ಯಂತ್ರ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಡೈ ಕೆಲಸ ಮಾಡುವವರನ್ನು ವಿಚಾರಿಸಿ. ನಕ್ಷೆ ಮಾತ್ರ ಕೊಟ್ಟರೆ ಸಾಲದು, ಬಾರ್ ಅನ್ನೇ ತೆಗೆದುಕೊಂಡು ಹೋಗಿ ಹಲ್ಲಿನ ಆಕಾರ ಅಳೆಸಿ. ಆರ್ಮ್‌ನ ಗುಬ್ಬಿಗೆ (ಬಾರ್ ತೂರುವ ದಪ್ಪ ಬುಡಕ್ಕೆ) ಇಎನ್ 8 ಉಕ್ಕು, 60 ಮಿ.ಮೀ. ವ್ಯಾಸ. ಅದಕ್ಕೆ 8 ಮಿ.ಮೀ.ನ ಎರಡು ತಟ್ಟೆ, ಬುಡದಲ್ಲಿ 60, ತುದಿಯಲ್ಲಿ 35 ಮಿ.ಮೀ. ಅಗಲ. ಕೆಲಸದ ಅನುಕ್ರಮ ಮುಖ್ಯ: ಗುಬ್ಬಿಯನ್ನು 150ರಿಂದ 200 ಡಿಗ್ರಿಗೆ ಕಾಸಿ, ಒಣಗಿಸಿದ 7018 ಎಲೆಕ್ಟ್ರೋಡ್‌ನಲ್ಲಿ ತಟ್ಟೆಗಳನ್ನು ಬೆಸೆದು, ಒಣ ಬೂದಿಯಲ್ಲಿ ಹೂತು ನಿಧಾನ ತಣಿಯಲು ಬಿಟ್ಟು, ಹೊರಮೈ ಲೇತ್‌ನಲ್ಲಿ ತಿರುಗಿಸಿ, ಎಲ್ಲ ಮುಗಿದ ಮೇಲೆ ಸ್ಪ್ಲೈನ್ ಕತ್ತರಿಸಬೇಕು. ಮೊದಲೇ ಸ್ಪ್ಲೈನ್ ಕತ್ತರಿಸಿ ಆಮೇಲೆ ಬೆಸೆದರೆ ರಂಧ್ರ ಮೊಟ್ಟೆಯಾಕಾರವಾಗಿ ಬಾರ್ ಒಳಗೆ ಹೋಗುವುದಿಲ್ಲ, ಹೋದರೂ ನಾಲ್ಕೇ ಹಲ್ಲಿನ ಮೇಲೆ ಕೂರುತ್ತದೆ. ಬಾರ್ ಕೈಯಿಂದ ತಳ್ಳಿದರೆ ಒಳಗೆ ಸರಿಯಬೇಕು, ಅಲುಗಾಡಿಸಿದರೆ ಆಡಬಾರದು. ಸಡಿಲ ಇದ್ದಲ್ಲಿ ಕೆಂಪು ಪುಡಿ ಉದುರುತ್ತದೆ, ಅದು ಹಲ್ಲು ಸವೆಯುತ್ತಿರುವ ಸೂಚನೆ.

ಬಾರ್ ತಿರುಚನ್ನು ಮಾತ್ರ ಹೊರಬೇಕು, ಬಾಗು ಹೊರಬಾರದು. ಮನೆಯ ಕಟ್ಟೋಣಗಳಲ್ಲಿ ಬಾರ್ ಅನ್ನೇ ಆರ್ಮ್‌ನ ಅಚ್ಚಾಗಿ ಬಳಸಿ, ಸ್ಪ್ಲೈನ್ ಬುಡದಲ್ಲಿ ಮುರಿದುಕೊಳ್ಳುವುದು ಸಾಮಾನ್ಯ. ಆರ್ಮ್‌ನ ಗುಬ್ಬಿಯನ್ನು ಉದ್ದ ಮಾಡಿ, ಅದರ ಹೊರಮೈಯನ್ನು ಕನಿಷ್ಠ 100 ಮಿ.ಮೀ. ಅಂತರದ ಎರಡು ಬುಷ್‌ಗಳ ಮೇಲೆ ಕೂರಿಸಿ. ಸ್ಪ್ಲೈನ್ ಒಳತುದಿಯ 40 ಮಿ.ಮೀ.ನಲ್ಲಿ ಮಾತ್ರ ಇರಲಿ. ಬುಷ್‌ಗೆ ನೈಲಾನ್ ಬೇಡ. ಅದು ತೇವ ಹೀರಿ ಉಬ್ಬುತ್ತದೆ, ಜುಲೈ ತಿಂಗಳಲ್ಲಿ ಆರ್ಮ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗನ್‌ಮೆಟಲ್ ಅಥವಾ ಡೆಲ್ರಿನ್ ಹಾಕಿ, ಗ್ರೀಸ್ ನಿಪ್ಪಲ್ ಕೊಡಿ. ಆರ್ಮ್‌ನ ಅಕ್ಷ ಮತ್ತು ಹಿಂದಿನ ಆಂಕರ್‌ನ ನಡು ಒಂದೇ ಗೆರೆಯಲ್ಲಿರಬೇಕು. ಬುಷ್‌ಗಳ ನಡುವಿನಿಂದ ಆಂಕರ್‌ವರೆಗೆ ದಾರ ಬಿಗಿದು ನೋಡಿ, ಒಂದು ಮಿ.ಮೀ.ಗಿಂತ ಹೆಚ್ಚು ಓರೆ ಇದ್ದರೆ ಟ್ಯಾಕ್ ಒಡೆದು ಮತ್ತೆ ಕೂರಿಸಿ.

ಇನ್ನು ಆಂಕರ್. 80 ಮಿ.ಮೀ. ಲಿವರ್‌ನ ತುದಿಯಲ್ಲಿ ಬೋಲ್ಟ್ ಹೊರುವ ಭಾರ ನಿಂತಲ್ಲೇ 730 ಕೆ.ಜಿ.ಯಷ್ಟು, ಚಕ್ರ ಪೂರ್ತಿ ಎದ್ದಾಗ 1,250 ಕೆ.ಜಿ. ಈ ಸಂಖ್ಯೆ ನೋಡಿ ಕೆಲವರು ಕ್ರಾಸ್ ಮೆಂಬರ್ ಅನ್ನೇ ಗರ್ಡರಿನಷ್ಟು ದಪ್ಪ ಮಾಡುತ್ತಾರೆ. ಅದು ತಪ್ಪು ಜಾಗದ ಚಿಂತೆ. ನಿಮ್ಮದೇ 100×50×3 ಪೈಪ್ ಅನ್ನು ನೆಟ್ಟಗೆ ನಿಲ್ಲಿಸಿ ಅಡ್ಡ ಹಾಕಿದರೂ ಆ ಬಾಗಿಗೆ ಬರುವ ಒತ್ತಡ ಚದರ ಮಿ.ಮೀ.ಗೆ 44 ನ್ಯೂಟನ್ ಮಾತ್ರ. ಪೈಪ್ ಬಾಗುವುದಿಲ್ಲ, ಬ್ರ್ಯಾಕೆಟ್ ಕೂತ ಜಾಗದಲ್ಲಿ ಅದರ 3 ಮಿ.ಮೀ. ಗೋಡೆ ಒಳಕ್ಕೆ ಕುಸಿಯುತ್ತದೆ, ಆಮೇಲೆ ವೆಲ್ಡ್‌ನ ಅಂಚಿನಲ್ಲಿ ಹರಿಯುತ್ತದೆ. ಆದ್ದರಿಂದ ಬೋಲ್ಟ್ ಹಾಯುವಲ್ಲೆಲ್ಲ ಪೈಪಿನ ಒಳಗೆ 25 ಮಿ.ಮೀ. ತೋಳು ಆಚೆಯಿಂದ ಈಚೆಗೆ ತೂರಿಸಿ ಎರಡೂ ಕಡೆ ಬೆಸೆಯಿರಿ, ಬ್ರ್ಯಾಕೆಟ್‌ನ ಅಡಿಗೆ 6 ಮಿ.ಮೀ. ತಟ್ಟೆ ಕೊಡಿ, ಆ ತಟ್ಟೆಯ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ. ನೇರ ಅಡ್ಡಗೆರೆಯ ವೆಲ್ಡ್ ಬೇಡ. ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ ಎಂದಾದರೆ ಕ್ರಾಸ್ ಮೆಂಬರ್ ಬಿಚ್ಚುವಂತಿರಲಿ, ಬದಿಗೆ 12 ಮಿ.ಮೀ.ನ ನಾಲ್ಕು 8.8 ಗ್ರೇಡ್ ಬೋಲ್ಟ್.

ಲಿವರ್, ಬೋಲ್ಟ್, ಅದರ ನಟ್ ಕೂರುವ ಅರೆಗುಂಡು ಇವನ್ನು ಹೊಸದಾಗಿ ಮಾಡಲು ಹೋಗಬೇಡಿ. ಬಾರ್ ಕೊಂಡ ಗುಜರಿಗೆ ವಾಪಸ್ ಹೋಗಿ, ಆ ಗಾಡಿ ಇನ್ನೂ ಅಲ್ಲಿದ್ದರೆ ಫೋರ್ಜ್ ಮಾಡಿದ ಲಿವರ್ ಜೊತೆಗೆ ಅದು ಕೂರುವ ಕ್ರಾಸ್ ಮೆಂಬರ್ ತುಂಡನ್ನೂ ಕತ್ತರಿಸಿ ತನ್ನಿ. ಗ್ಯಾಸ್ ಕಟರ್ ಬಳಸುವುದಾದರೆ ಬಾರ್ ಮೊದಲು ಬಿಚ್ಚಿಸಿ. ಕಾಸು ಕೊಟ್ಟು ತೆಗೆದುಕೊಳ್ಳಬೇಕಾದದ್ದು ಬಾರ್‌ಗಿಂತ ಹೆಚ್ಚಾಗಿ ಇದನ್ನು.

ಗಾಡಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಚಾಸಿಯನ್ನು ನೆಲಕ್ಕೆ ಬಿಗಿದು, ಬಾರ್ ಮತ್ತು ಆರ್ಮ್ ಕೂರಿಸಿ, ಆರ್ಮ್‌ಗೆ ಸೇರಿಸಿ ಅಕ್ಷದಿಂದ ಒಂದು ಮೀಟರ್ ದೂರ ಬರುವಂತೆ ಪೈಪ್ ಕಟ್ಟಿ, ತುದಿಗೆ 50 ಕೆ.ಜಿ. ಸಿಮೆಂಟ್ ಚೀಲ ತೂಗಿಬಿಡಿ. ಕೋನ ಸುಮಾರು 15 ಡಿಗ್ರಿ ಬದಲಾಗಬೇಕು. 18 ಬಂದರೆ ಬಾರ್ ಅಲ್ಲ, ಆಂಕರ್ ತಿರುಗುತ್ತಿದೆ. ಲಿವರ್ ಪಕ್ಕ ಡಯಲ್ ಗೇಜ್ ಇಟ್ಟರೆ ಎಲ್ಲಿ ಆಡುತ್ತಿದೆ ಎಂದು ಕಾಣುತ್ತದೆ.

ಈಗ ಬಾರ್‌ನ ಮೈಗೆ ಬರೋಣ. ತಿರುಚುವಾಗ ಬಾರ್‌ನ ಒಳನಡುವೆ ಒತ್ತಡವೇ ಇಲ್ಲ, ಎಲ್ಲ ಹೊರಚರ್ಮದಲ್ಲಿ. ಅದಕ್ಕೇ ಕಾರ್ಖಾನೆಯಲ್ಲಿ ಸಣ್ಣ ಉಕ್ಕಿನ ಗುಂಡುಗಳನ್ನು ಎರಚಿ ಚರ್ಮವನ್ನು ಬಿಗಿ ಮಾಡಿರುತ್ತಾರೆ. ಆ ಪದರ ಮಿಲಿಮೀಟರಿನ ಕೆಲವೇ ದಶಾಂಶದಷ್ಟು ಆಳ. ಅದನ್ನು ದಾಟಿದ ಒಂದು ತುಕ್ಕಿನ ಗುಳಿ ಬಿರುಕಿನ ಬೀಜ. ಪಣಂಬೂರಿನಿಂದ ಮಲ್ಪೆವರೆಗಿನ ಕಡಲಂಚಿನಲ್ಲಿ ಓಡಿದ ಗಾಡಿಯ ಬಾರ್‌ನಲ್ಲಿ, ಬಣ್ಣ ಸುಲಿದ ಕಡೆಯೆಲ್ಲ ಈ ಗುಳಿಗಳು ಇರುತ್ತವೆ ಎಂದೇ ಎಣಿಸಿ ಹುಡುಕಬೇಕು. ಬಣ್ಣವನ್ನು ಪೇಂಟ್ ರಿಮೂವರ್‌ನಲ್ಲಿ ತೆಗೆಯಿರಿ, ಗ್ರೈಂಡರ್ ಬೇಡ. ಉಗುರು ಎಳೆದು ನೋಡಿ, ಸಿಕ್ಕಿಕೊಂಡರೆ ಆ ಬಾರ್ ವಾಪಸ್. ಬರೀ ಕಂದು ಕಲೆಯಾದರೆ 400 ನಂಬರ್ ಎಮರಿಯಲ್ಲಿ ಕೈಯಿಂದ ಉಜ್ಜಬಹುದು. ಗುಳಿ ಮಾಯವಾಗುವವರೆಗೆ ಲೇತ್‌ನಲ್ಲಿ ಸವೆಸುತ್ತೇನೆ ಎಂದು ಹೊರಟರೆ 22 ಇದ್ದದ್ದು 21.5 ಆಗುವಷ್ಟರಲ್ಲಿ ಗಡಸು ಶೇ. 9 ಇಳಿದು, ಒತ್ತಡ ಶೇ. 7 ಏರಿ, ಬಿಗಿ ಮಾಡಿದ ಚರ್ಮವೂ ಹೋಗಿರುತ್ತದೆ.

ಕಣ್ಣಿಗೆ ಕಾಣದ ಬಿರುಕಿಗೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಮೂರು ಕ್ಯಾನಿನ ಕೆಂಪು ಡೈ ಪರೀಕ್ಷೆ ಸಾಕು: ಕ್ಲೀನರ್‌ನಿಂದ ಒರೆಸಿ, ಕೆಂಪು ಬಣ್ಣ ಎರಚಿ 15 ನಿಮಿಷ ಬಿಟ್ಟು, ಕ್ಲೀನರ್ ತೇವದ ಬಟ್ಟೆಯಲ್ಲಿ ಒರೆಸಿ, ಬಿಳಿ ಡೆವಲಪರ್ ಎರಚಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಸ್ಪ್ಲೈನ್ ಮುಗಿದು ಬಾರ್ ಸಣ್ಣಗಾಗುವ ಇಳಿಜಾರನ್ನು ಎರಡು ಸಲ ನೋಡಿ.

ಕ್ರೋಮ್ ಯಾಕೆ ಬೇಡ ಎಂಬುದಕ್ಕೆ ಕಾರಣವೂ ಇಲ್ಲೇ ಇದೆ. ಕ್ರೋಮ್‌ಗೆ ಮುಂಚೆ ಆ್ಯಸಿಡ್‌ನಲ್ಲಿ ಅದ್ದುತ್ತಾರೆ, ಆಮೇಲೆ ವಿದ್ಯುತ್ ಹಾಯಿಸುತ್ತಾರೆ. ಎರಡೂ ಹಂತದಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಮೆತು ಉಕ್ಕಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಸ್ಪ್ರಿಂಗ್‌ನಷ್ಟು ಗಡುಸಾದ ಉಕ್ಕನ್ನು ಅದು ಒಳಗಿಂದೊಳಗೆ ಸೀಳುತ್ತದೆ. ಹಾಗೆ ಕೆಟ್ಟ ಬಾರ್ ಓಡುವಾಗಲೇ ಮುರಿಯಬೇಕೆಂದಿಲ್ಲ, ಶೆಡ್‌ನಲ್ಲಿ ನಿಂತ ಗಾಡಿಯಲ್ಲಿ ರಾತ್ರಿ ಹೊತ್ತು ಮುರಿಯಬಹುದು. ತುಕ್ಕು ತೆಗೆಯಲೆಂದು ಆ್ಯಸಿಡ್‌ನಲ್ಲಿ ಅದ್ದುವುದಕ್ಕೂ ಇದೇ ಮಾತು. ತಮ್ಮನಿಗೆ ಹೊಳಪು ಬೇಕಾದರೆ ಮೆತು ಉಕ್ಕಿನ ರೇಡಿಯಸ್ ರಾಡ್‌ಗಳಿಗೆ, ಹೆಡ್‌ಲೈಟ್ ಕಂಬಕ್ಕೆ ಹೊಡೆಸಲಿ. ಬಾರ್ ಹೇಗೂ ಚಾಸಿಯ ಅಡಿಯಲ್ಲಿ ಅಡಗಿರುತ್ತದೆ. ಅದಕ್ಕೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಪಿಯು ಬಣ್ಣ. ಕಲ್ಲು ಸಿಡಿಯದಂತೆ ಪೈಪಿನೊಳಗೆ ಹಾಯಿಸುವುದಾದರೆ ಪೈಪಿನ ಅತಿ ತಗ್ಗಿನಲ್ಲಿ 8 ಮಿ.ಮೀ. ತೂತು ಇಡಿ, ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಅದು ಉಪ್ಪುನೀರಿನ ತೊಟ್ಟಿ. ಸ್ಪ್ಲೈನ್‌ಗೆ ಮಾಲಿಬ್ಡಿನಮ್ ಗ್ರೀಸ್, ಬಾಯಿಗೆ ರಬ್ಬರ್ ಬೂಟ್.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಜಿಪುಣತನ ಬೇಡ. ಲೀಫ್ ಸ್ಪ್ರಿಂಗ್‌ನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಣಿತ ತಗ್ಗಿಸುತ್ತವೆ, ಟಾರ್ಷನ್ ಬಾರ್‌ನಲ್ಲಿ ಉಜ್ಜುವಂಥದ್ದು ಏನೂ ಇಲ್ಲ. ಎಲ್ಲ ಕೆಲಸ ಶಾಕ್‌ನದೇ. ಮೇಲೆ 75, ಕೆಳಗೆ 60 ಮಿ.ಮೀ. ಚಲನೆ ಸಿಗುವ, ಸಣ್ಣ ಕಾರಿನ ಉದ್ದ ಕೊಳವೆಯ ಶಾಕ್ ಆರಿಸಿ. ಅದು ಪೂರ್ತಿ ಮುಚ್ಚುವ ಮೊದಲೇ ರಬ್ಬರ್ ಬಂಪ್ ಸ್ಟಾಪ್ ಆಕ್ಸಲ್‌ಗೆ ತಾಗಬೇಕು. ಬಂಪ್ ಸ್ಟಾಪ್ ಇಲ್ಲದ ಗಾಡಿಯಲ್ಲಿ ಬಾರ್ ಪ್ರತಿ ದೊಡ್ಡ ಗುಂಡಿಗೂ ಮಿತಿಮೀರಿ ತಿರುಗಿ ದಿನೇ ದಿನೇ ಕುಸಿಯುತ್ತದೆ. ಅದೇ ಸ್ಟಾಪ್‌ಗೆ ಇನ್ನೊಂದು ಕೆಲಸವಿದೆ. ಬಾರ್ ಮುರಿದರೆ ಗಾಡಿ ಆ ಬದಿಯ ಸ್ಟಾಪ್ ಮೇಲೆ ಬಂದು ಕೂರುತ್ತದೆ. ಆಗ ಡ್ರ್ಯಾಗ್ ಲಿಂಕ್ ಚಾಸಿಗೆ ತಾಗದೆ ಸ್ಟಿಯರಿಂಗ್ ತಿರುಗುತ್ತದೆಯೇ, ಸಂಪ್ ನೆಲಕ್ಕೆ ತಾಗುತ್ತದೆಯೇ ಎಂದು ಬಾರ್ ಇಲ್ಲದೆಯೇ ಇಳಿಸಿ ನೋಡಿಕೊಳ್ಳಿ. ಕೆಳಗಿನ 60 ಮಿ.ಮೀ. ತುದಿಯಲ್ಲೂ ಬಾರ್ ಮೇಲೆ 74 ಕೆ.ಜಿ.ಯಷ್ಟು ಬಿಗಿ ಉಳಿದಿರುತ್ತದೆ, ಹಾಗಾಗಿ ಆರ್ಮ್ ಗಡಗಡ ಎನ್ನುವುದಿಲ್ಲ.

ಜೋಡಿಸುವಾಗ ಚಾಸಿಯನ್ನು ನಿಲ್ಲಬೇಕಾದ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡಿ, ಲಿಂಕ್ ಬಿಚ್ಚಿಡಿ. ಭಾರವಿಲ್ಲದ ಆರ್ಮ್ ಕೊನೆಗೆ ಅಡ್ಡಗೆರೆಯಿಂದ 18 ಡಿಗ್ರಿ ಕೆಳಗೆ ನೋಡಬೇಕು, ಅಂದರೆ ತುದಿ 102 ಮಿ.ಮೀ. ಕೆಳಗೆ. ಬೋಲ್ಟ್ ಅನ್ನು ಲಿವರ್‌ಗೆ ತಾಗುವಷ್ಟೇ ಬಿಟ್ಟು 14 ಡಿಗ್ರಿಯ ಆಸುಪಾಸಿನಲ್ಲಿ ಬಾರ್ ತೂರಿಸಿ. ಉಳಿದದ್ದನ್ನು ನಾಲ್ಕು ಸುತ್ತಿನಲ್ಲಿ ಬೋಲ್ಟ್ ಮುಗಿಸುತ್ತದೆ. ಹಲ್ಲು ಸರಿಯಾಗಿ ಸಿಗದಿದ್ದರೆ ಬಾರ್‌ನ ಎರಡೂ ತುದಿಯ ಹಲ್ಲು ಎಣಿಸಿ. ಸಂಖ್ಯೆ ಬೇರೆ ಬೇರೆ ಇದ್ದರೆ ಅದೃಷ್ಟ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಬಾರ್‌ನಲ್ಲಿ ಒಳಗೆ 40, ಹೊರಗೆ 44 ಹಲ್ಲು. ಒಂದು ಕಡೆ ಒಂದು ಹಲ್ಲು ಮುಂದೆ, ಇನ್ನೊಂದು ಕಡೆ ಒಂದು ಹಿಂದೆ ಸರಿಸಿದರೆ ಒಂದು ಡಿಗ್ರಿಗೂ ಕಡಿಮೆ ಬದಲಾಗುತ್ತದೆ. ಎರಡೂ ಕಡೆ ಒಂದೇ ಸಂಖ್ಯೆಯಾದರೆ ಬೋಲ್ಟ್‌ನ ಉದ್ದವೇ ಗತಿ. ಬಿಚ್ಚುವಾಗ ಚಾಸಿಯನ್ನು ಎತ್ತಿ ಚಕ್ರ ತೂಗಿಬಿಟ್ಟು, ಬೋಲ್ಟ್ ಎಷ್ಟು ಹೊರಗಿದೆ ಎಂದು ಅಳೆದು ಬರೆದುಕೊಂಡು ನಿಧಾನ ಸಡಿಲಿಸಿ. ಭಾರ ಇರುವ ಬಾರ್‌ನ ತುದಿಗೆ ನೇರವಾಗಿ ಯಾರೂ ಕೂರಬಾರದು.

ಕಾನೂನಿನ ಮಾತು ಒಂದು: 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಂತೆ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿದೆ. ಅಂಬಾಸಿಡರ್‌ನ ಹಳೆಯ ಆರ್‌ಸಿ ತೋರಿಸಿ, ಕೆಎ 20 ನಂಬರ್ ಹಾಕಿ ಹೆದ್ದಾರಿ 66ಕ್ಕೆ ಇಳಿಸುವ ಯೋಚನೆ ಇದ್ದರೆ ಬಿಡಿ. ಖಾಸಗಿ ಜಾಗದಲ್ಲಿ ಓಡಿಸಿ, ಪ್ರದರ್ಶನಕ್ಕೆ ಟ್ರೇಲರ್‌ನಲ್ಲಿ ಒಯ್ಯಿರಿ.

ಮೊದಲ ಓಟಕ್ಕೆ ಮುಂಚೆ ಎರಡೂ ಬದಿಯಲ್ಲಿ ಹಬ್‌ನ ನಡುವಿನಿಂದ ಚಾಸಿಯವರೆಗಿನ ಎತ್ತರ ಅಳೆದು ಬರೆದಿಡಿ. ಮೊದಲ ಕೆಲವು ದಿನ ಸ್ಪ್ಲೈನ್, ಬುಷ್ ಕೂತುಕೊಳ್ಳುವಾಗ ಎರಡೂ ಬದಿ ಕೆಲವು ಮಿ.ಮೀ. ಸಮನಾಗಿ ಇಳಿಯಬಹುದು, ಬೋಲ್ಟ್‌ನಲ್ಲಿ ಸರಿಪಡಿಸಿ ಲಾಕ್ ನಟ್ ಬಿಗಿಯಿರಿ. ಒಂದೇ ಬದಿ ಇಳಿದರೆ ಬೋಲ್ಟ್ ಮುಟ್ಟಬೇಡಿ. ಮೊದಲು ಆ ಬದಿಯ ಆಂಕರ್ ಬ್ರ್ಯಾಕೆಟ್ ಸುತ್ತ ಬಣ್ಣ ಬಿರಿದಿದೆಯೇ ನೋಡಿ, ಆಮೇಲೆ ಬಾರ್ ಬಿಚ್ಚಿ ಕೆಂಪು ಡೈ ಪರೀಕ್ಷೆ ಮತ್ತೆ ಮಾಡಿ. ಎರಡೂ ಸರಿಯಿದ್ದರೆ ಎಡ-ಬಲದ ಗುರುತನ್ನು ಇನ್ನೊಮ್ಮೆ ಓದಿ.